ಎಂ.ಎಸ್.ಡಬ್ಲ್ಯು. ಓದಲೋ, ಕೌನ್ಸೆಲಿಂಗ್ ಓದಲೋ?

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು. ಈ ವರ್ಷ ಬಿ.ಎ. ಅರ್ಥಶಾಸ್ತ್ರ ಮುಗಿಸಿದೆ. ರಜೆಯಲ್ಲಿ ಬಡ್ಸ್ ಶಾಲೆಗೆ (ಬೌದ್ಧಿಕ ನ್ಯೂನತೆ ಇರುವ ಮಕ್ಕಳ ಶಾಲೆ) ಸಹಾಯಕ್ಕೆ ಹೋಗುತ್ತಿದ್ದೆ. ಅಲ್ಲಿ ಒಂದು ಮಗುವಿನ ಅಮ್ಮ ನನ್ನ ಹತ್ತಿರ ತುಂಬ ಹೊತ್ತು ಮಾತಾಡುತ್ತಿದ್ದರು. "ನಿನ್ನ ಹತ್ತಿರ ಹೇಳಿದ್ರೆ ಮನಸ್ಸು ಹಗುರ ಆಗ್ತದೆ" ಅನ್ನುತ್ತಿದ್ದರು. ಅವರ ಮಗನ ದಾಖಲೆಯಲ್ಲಿ ಹೆಸರು ತಪ್ಪಾಗಿ ಪಿಂಚಣಿ ನಿಂತಿತ್ತು. ನಾನೇ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ, ಪಂಚಾಯತಿಗೆ, ವಿಲೇಜ್ ಆಫೀಸಿಗೆ ಹೋಗಿ ಸರಿ ಮಾಡಿಸಿದೆ. ಮನೆಯಲ್ಲಿ ಎಲ್ಲರೂ ಕೌನ್ಸೆಲಿಂಗ್ ಓದು ಅನ್ನುತ್ತಾರೆ. ಟೀಚರ್ ಮಾತ್ರ ಎಂ.ಎಸ್.ಡಬ್ಲ್ಯು. (ಸೋಶಿಯಲ್ ವರ್ಕ್‌ನ ಸ್ನಾತಕೋತ್ತರ ಪದವಿ) ಮಾಡು ಅಂದರು. ಯಾವುದು ಒಳ್ಳೆಯದು?
– ಹೆಸರು ಬೇಡ

ಉತ್ತರ: ತಂಗೀ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜಾಗ ಸಾಲದೆ ಇಲ್ಲಿ ಚಿಕ್ಕದು ಮಾಡಿದ್ದೇವೆ. ನೀನು ಕಳಿಸಿದ್ದರಲ್ಲಿ ಆ ಅಮ್ಮನ ಮಾತು ಕೇಳಿದ್ದು ನಾಲ್ಕು ಸಾಲು, ಪಿಂಚಣಿ ಸರಿ ಮಾಡಿಸಿದ ಕತೆ ಮುಕ್ಕಾಲು ಪುಟ ಇತ್ತು. ಯಾವ ಗುಮಾಸ್ತರು ಏನು ಹೇಳಿದರು, ಯಾವ ಕಾಗದ ಕೇಳಿದರು, ಎಲ್ಲ ನೆನಪಿಟ್ಟು ಬರೆದಿದ್ದೀಯಾ. ಬೇಸರ ಪಟ್ಟುಕೊಂಡು ಬರೆದ ಹಾಗೆ ಕಾಣಲಿಲ್ಲ, ಖುಷಿಯಿಂದ ಬರೆದಿದ್ದೀಯಾ. ನನಗೆ ಅದೇ ಮುಖ್ಯ ಅನ್ನಿಸಿತು.

ಕೇಳಿಸಿಕೊಳ್ಳುವ ಗುಣ ಎರಡೂ ಕೆಲಸಕ್ಕೆ ಬೇಕು. ವ್ಯತ್ಯಾಸ ಇರುವುದು ಕೇಳಿ ಆದಮೇಲೆ. ಕೌನ್ಸೆಲರ್ ಆದವರು ಆ ಕುರ್ಚಿಯಲ್ಲೇ ಕೂತು, ಎದುರಿನವರು ತಮ್ಮ ದಾರಿ ತಾವೇ ಕಾಣುವ ತನಕ ವಾರಗಟ್ಟಲೆ ಜೊತೆಗಿರಬೇಕು. ಸೋಶಿಯಲ್ ವರ್ಕರ್ ಚಪ್ಪಲಿ ಹಾಕಿಕೊಂಡು ಹೊರಗೆ ಹೊರಡಬೇಕು, ಮನೆಗೆ, ಆಫೀಸಿಗೆ, ಬೇಕಾದರೆ ಕೋರ್ಟಿಗೂ.

ನಾನು ಎಂ.ಎಸ್.ಡಬ್ಲ್ಯು. ಮಾಡಿದವಳು. ಬದಿಯಡ್ಕ ಕಡೆ ಮನೆ ಮನೆ ತಿರುಗಿ ಕೆಲಸ ಮಾಡಿದ್ದೇನೆ. ಅಲ್ಲಿ ಒಬ್ಬರು ಹೆಂಗಸಿಗೆ ತಿಂಗಳುಗಳಿಂದ ನಿದ್ದೆ ಇರಲಿಲ್ಲ. ನಮ್ಮ ಜೊತೆಗಿದ್ದ ಕೌನ್ಸೆಲರ್ ಅವರ ಹತ್ತಿರ ಪ್ರತಿ ವಾರ ಮಾತಾಡುತ್ತಿದ್ದರು, ಒಳ್ಳೆಯ ಕೌನ್ಸೆಲರ್ ಅವರು. ಒಮ್ಮೆ ನಾನು ಆ ಮನೆಗೆ ಹೋದೆ. ಗೋಡೆಯ ಕ್ಯಾಲೆಂಡರಿನ ಹಿಂದೆ ಮಡಚಿ ಸಿಕ್ಕಿಸಿದ ಕಾಗದ ಕಂಡಿತು. ಬ್ಯಾಂಕಿನ ಜಪ್ತಿ ನೋಟಿಸು. ನೋಟಿಸು ಮಲಯಾಳದಲ್ಲಿತ್ತು, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಯಾರ ಹತ್ತಿರ ಓದಿಸಿದರೂ ಊರಿಗೆಲ್ಲ ಗೊತ್ತಾಗ್ತದೆ ಎಂಬ ಹೆದರಿಕೆ. ಬ್ಯಾಂಕಿಗೆ ಹೋಗಿ ಮಾತಾಡಿ ಕಂತು ಕಟ್ಟಲು ಸಮಯ ತೆಗೆದುಕೊಂಡೆವು. ನಿದ್ದೆ ಸ್ವಲ್ಪ ಬಂತು. ಆದರೆ ಅಳು ನಿಲ್ಲಲಿಲ್ಲ. ಗಂಡ ತೀರಿಹೋದ ದುಃಖ ಅಷ್ಟೂ ಒಳಗೇ ಇತ್ತು. ಅದಕ್ಕೆ ಬೇಕಾಗಿದ್ದದ್ದು ನಾನಲ್ಲ, ಆ ಕೌನ್ಸೆಲರ್. ಅದರಿಂದಲೇ ಯಾವುದು ಮೇಲು, ಯಾವುದು ಕೀಳು ಎಂಬ ಮಾತು ನನಗೆ ಹಿಡಿಸುವುದಿಲ್ಲ.

ನಿನ್ನ ಎಣ್ಮಕಜೆ ಪಂಚಾಯತಿಯನ್ನೇ ನೋಡು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ನೋವು ಅಲ್ಲಿ ಎಷ್ಟು ಮನೆಗಳಲ್ಲಿದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಜನ ಒಟ್ಟು ಸೇರಿ ಹೋರಾಡಿದ್ದರಿಂದ, ದಾಖಲೆ ಹಿಡಿದು ಕೇಸು ನಡೆಸಿದ್ದರಿಂದ ಇದೆಲ್ಲ ಆಯಿತು. ಆದರೆ ಇಪ್ಪತ್ತು ವರ್ಷ ಮಗನನ್ನು ಚಾಪೆಯಿಂದ ಎತ್ತಿ ಮಲಗಿಸಿ ಸೊಂಟ ಹೋದ ಅಮ್ಮನಿಗೆ ದುಡ್ಡು ಬಂದ ಮರುದಿನವೂ ಮಾತಾಡಲು ಒಬ್ಬರು ಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ಇರುವ ಆಶ್ವಾಸಕಿರಣಂ ನೆರವಿಗೆ ಅರ್ಜಿ ಹಾಕಿಕೊಡುವವರೂ ಬೇಕು.

ಇನ್ನು ಓದಿನ ವಿಷಯ. ಎಂ.ಎಸ್.ಡಬ್ಲ್ಯು.ಗೆ ಯಾವ ಡಿಗ್ರಿ ಆದವರೂ ಸಾಮಾನ್ಯವಾಗಿ ಸೇರಬಹುದು, ನಿನ್ನ ಅರ್ಥಶಾಸ್ತ್ರ ಸಾಕು. ಕೌನ್ಸೆಲಿಂಗ್ ಅಥವಾ ಸೈಕಾಲಜಿ ಎಂ.ಎಸ್ಸಿ.ಗೆ ಎಷ್ಟೋ ಕಡೆ ಡಿಗ್ರಿಯಲ್ಲೇ ಸೈಕಾಲಜಿ ಇರಬೇಕು ಅನ್ನುತ್ತಾರೆ. ಅರ್ಜಿ ಹಾಕುವ ಮೊದಲು ಇದನ್ನು ಕೇಳಿಕೋ. ಎಂ.ಎಸ್.ಡಬ್ಲ್ಯು. ಎರಡು ವರ್ಷ, ಹೆಚ್ಚಿನ ಕಡೆ ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್. ಎರಡನೇ ವರ್ಷ ಮೆಡಿಕಲ್ ಆಂಡ್ ಸೈಕಿಯಾಟ್ರಿಕ್ ತೆಗೆದುಕೊಂಡರೆ ಆಸ್ಪತ್ರೆ, ಮಾನಸಿಕ ಆರೋಗ್ಯದ ಕಡೆ ಹೋಗಬಹುದು. ಕೌನ್ಸೆಲಿಂಗ್ ಕಡೆಯ ಬಾಗಿಲು ಇದರಿಂದ ಪೂರ್ತಿ ಮುಚ್ಚುವುದಿಲ್ಲ. ಕೌನ್ಸೆಲರ್ ಹುದ್ದೆಯ ಜಾಹೀರಾತುಗಳಲ್ಲಿ ಎಂ.ಎಸ್.ಡಬ್ಲ್ಯು.ವನ್ನೂ ಸೈಕಾಲಜಿಯನ್ನೂ ಜೊತೆಗೇ ಕೇಳುವುದುಂಟು. ಆದರೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಎಂ.ಎಸ್.ಡಬ್ಲ್ಯು. ಮೇಲೆ ಎರಡು ವರ್ಷದ ಎಂ.ಫಿಲ್. ಕೇಳುತ್ತದೆ.

ದೂರ ಹೋಗಬೇಕಾಗಿಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಡಬ್ಲ್ಯು. ಇದೆ, ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಮಂಗಳೂರಿನ ರೋಶನಿ ನಿಲಯ 1960ರಿಂದ ಇರುವ ಸಂಸ್ಥೆ, ಅಲ್ಲಿ ಎರಡನ್ನೂ ಕಲಿಸುತ್ತಾರೆ. ಒಮ್ಮೆ ಹೋಗಿ ಎರಡೂ ಕಡೆಯ ಸೀನಿಯರ್ ಹುಡುಗಿಯರ ಹತ್ತಿರ ಕೂತು ಮಾತಾಡು. ಫೀಸಿನ ಜೊತೆಗೆ ಅವರ ಒಂದು ವಾರ ಹೇಗೆ ಹೋಗುತ್ತದೆ ಅಂತ ಕೇಳು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಮಲಯಾಳ ಓದಲು ಬರೆಯಲು ಕಲಿ. ನಮ್ಮ ಕಾಸರಗೋಡಿನಲ್ಲಿ ಫೈಲು ಓಡುವುದು ಆ ಭಾಷೆಯಲ್ಲಿ. ಕಷ್ಟ ಹೇಳಿಕೊಳ್ಳುವವರು ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ. ಎರಡೂ ಕಡೆ ಬಲ್ಲವರು ನಮ್ಮಲ್ಲಿ ಕಡಿಮೆ.

ನನ್ನನ್ನು ಕೇಳಿದರೆ, ನಿನಗೆ ಎಂ.ಎಸ್.ಡಬ್ಲ್ಯು. ಸರಿ. ಟೀಚರ್ ನಿನ್ನನ್ನು ಚೆನ್ನಾಗಿ ನೋಡಿದ್ದಾರೆ.

ಪ್ರಶ್ನೆ: ಆರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಡಿಪ್ಲೊಮಾ ಮುಗಿಸಿದೆ. ಮನೆಯಲ್ಲೇ ಬೋರ್ಡು ಹಾಕಿ ಶುರು ಮಾಡಬಹುದಾ ಮೇಡಂ?
– ಓದುಗರು, ಮಂಜೇಶ್ವರ

ಉತ್ತರ: ಬೇಡ. ಮೊದಲ ವಾರವೇ ಒಬ್ಬರು ಬಂದು "ನನಗೆ ಬದುಕುವುದು ಬೇಡ" ಅಂದರೆ ಏನು ಮಾಡುತ್ತೀರಿ? ಅಂಥ ಹೊತ್ತಿನಲ್ಲಿ ಹಿಂದೆ ನಿಂತು ತಿದ್ದುವ ಅನುಭವಿಗಳು ಬೇಕು, ಆರು ತಿಂಗಳ ವಿಡಿಯೊ ಪಾಠದಲ್ಲಿ ಅದು ಸಿಗುವುದಿಲ್ಲ. ಕಲಿತದ್ದು ವ್ಯರ್ಥ ಅಂತಲ್ಲ. ಕುಟುಂಬಶ್ರೀ ಮಹಿಳಾ ಗುಂಪಿನಲ್ಲಿ, ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವ ಪಾಲಿಯೇಟಿವ್ ಸ್ವಯಂಸೇವಕರ ಜೊತೆ ಅದನ್ನು ಬಳಸಿ. ಮುಂದಕ್ಕೆ ಕಳಿಸಬೇಕಾದವರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಕೊಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.