ಗೋಪುರದ ನೆತ್ತಿಯ ಬಿಳಿ ಮೋಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ದೊಡ್ಡ ಗೋಪುರಗಳಿಂದ ಚಳಿಗಾಲದ ಬೆಳಿಗ್ಗೆ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ನೋಡಿದರೆ ಏನೂ ಇರುವುದಿಲ್ಲ. ಬೇಸಿಗೆಯಲ್ಲಿ ಕೆಲಸ ನಿಲ್ಲಿಸಿರುತ್ತಾರೆಯೇ? ಈ ಹೊಗೆ ಬೆಳೆಗೆ ಕೆಡುಕೇ?
(ರಾಯಚೂರು ತಾಲ್ಲೂಕಿನ ಓದುಗರು)

ಉತ್ತರ: ಅದು ಹೊಗೆಯಲ್ಲ. ಕಲ್ಲಿದ್ದಲಿನ ಹೊಗೆ ಹೋಗುವುದು ಪಕ್ಕದ ತೆಳ್ಳನೆಯ, ಇನ್ನೂ ಎತ್ತರದ ಚಿಮಣಿಯಿಂದ. ನಡು ಸಣ್ಣದಾಗಿ ಬುಡ ಅಗಲವಾಗಿರುವ ಕೂಲಿಂಗ್ ಟವರಿನೊಳಗೆ ಬೆಂಕಿಯೇ ಇಲ್ಲ. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಕಂಡೆನ್ಸರಿನಲ್ಲಿ ತಣಿಸುವ ನೀರು ತಾನೇ ಬಿಸಿಯಾಗುತ್ತದಲ್ಲ, ಅದನ್ನು ಇಲ್ಲಿಗೆ ತಂದು ಆರಿಸುತ್ತಾರೆ. ನೀರು ನಾಜಲ್‌ಗಳಿಂದ ಚಿಮ್ಮಿ, ‘ಫಿಲ್’ ಎನ್ನುವ ಹಾಳೆಗಳ ಅಥವಾ ಪಟ್ಟಿಗಳ ಮೇಲೆ ಹರಡಿಕೊಂಡು ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಇಷ್ಟೂ ನಡೆಯುವುದು ಗೋಪುರದ ಬುಡದಲ್ಲಿ. ಅದರ ಮೇಲೆ ಇಡೀ ಗೋಪುರ ಖಾಲಿ. ಬಿಸಿಯಾದ ತೇವದ ಗಾಳಿ ಹಗುರವಾಗಿ ಮೇಲೇರಿ, ಬುಡದಿಂದ ಹೊಸ ಗಾಳಿಯನ್ನು ಎಳೆದುಕೊಳ್ಳಲಿ ಎಂದೇ ಅಷ್ಟು ಎತ್ತರ ಕಟ್ಟುವುದು.

ನೀರು ತಣಿಯುವುದು ಮುಖ್ಯವಾಗಿ ಅದರದೇ ಒಂದು ಪಾಲು ಆವಿಯಾಗುವುದರಿಂದ. ಗಂಟೆಗೆ 1000 ಘನಮೀಟರ್ ನೀರು 10 ಡಿಗ್ರಿ ಸೆಲ್ಸಿಯಸ್ ಇಳಿಯಬೇಕಾದರೆ ಸುಮಾರು 15 ಘನಮೀಟರ್ ಆವಿಯಾಗಿ ಹೋಗುತ್ತದೆ. ಆದರೆ ಆವಿ ಕಣ್ಣಿಗೆ ಕಾಣುವ ವಸ್ತುವಲ್ಲ. ನಿಮಗೆ ಕಾಣುವುದು ಆ ಆವಿ ಹೊರಗಿನ ತಣ್ಣನೆ ಗಾಳಿಗೆ ಬೆರೆತು ಮತ್ತೆ ಹನಿಗಟ್ಟಿದ ಮಂಜು.

ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗೋಪುರದ ಬಾಯಿಂದ 35 ಡಿಗ್ರಿಯ, ತೇವ ತುಂಬಿದ ಗಾಳಿ ಹೊರಬರುತ್ತಿದೆ ಎನ್ನಿ. ಅದರ ಪ್ರತಿ ಕಿಲೋ ಒಣಗಾಳಿಯಲ್ಲಿ ಸುಮಾರು 36 ಗ್ರಾಂ ಆವಿ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಹೊರಗೆ 15 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಅಲ್ಲಿರುವುದು ಸುಮಾರು 10 ಗ್ರಾಂ. ಎರಡೂ ಸಮಪಾಲು ಬೆರೆತರೆ 25 ಡಿಗ್ರಿಯ ಗಾಳಿ, 23 ಗ್ರಾಂ ಆವಿ. ಆದರೆ 25 ಡಿಗ್ರಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು 20 ಗ್ರಾಂ ಮಾತ್ರ. ಹೆಚ್ಚಾದದ್ದರಲ್ಲಿ ಸುಮಾರು ಕಾಲುಭಾಗ ಹನಿಯಾಗುತ್ತದೆ. ಪೂರ್ತಿ ಆಗದು, ಏಕೆಂದರೆ ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ತುಸು ಬೆಚ್ಚಗಾಗಿಸುತ್ತದೆ.

ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ, ತೇವಾಂಶ ಶೇ. 20. ಅದೇ ಗಾಳಿ ಇದರೊಂದಿಗೆ ಬೆರೆತರೆ 37ರಿಂದ 38 ಡಿಗ್ರಿ, ಆವಿ ಸುಮಾರು 23 ಗ್ರಾಂ. ಆ ಬಿಸಿಗೆ 40 ಗ್ರಾಂ ಮೀರಿ ಹಿಡಿಯುವ ತಾಕತ್ತಿದೆ. ಹನಿ ಹೇಗೆ ಕಟ್ಟೀತು? ಸ್ಥಾವರ ಪೂರ್ತಿ ಸಾಮರ್ಥ್ಯದಲ್ಲಿ ನಡೆಯುತ್ತಿದ್ದು, ಆವಿ ಧಾರಾಳವಾಗಿ ಹೋಗುತ್ತಿದ್ದರೂ ಆಕಾಶ ಖಾಲಿ ಕಾಣುವುದು ಇದಕ್ಕೇ. ಹಾಗಾಗಿ ಬಿಳಿ ಮೋಡದ ಗಾತ್ರ ನೋಡಿ ಎಷ್ಟು ವಿದ್ಯುತ್ ತಯಾರಾಗುತ್ತಿದೆ ಎಂದು ಅಂದಾಜು ಮಾಡಲು ಹೋಗಬೇಡಿ. ಅದು ಹೇಳುವುದು ಹೆಚ್ಚಾಗಿ ಅಂದಿನ ಹವೆಯ ಸುದ್ದಿ.

ಸೂರ್ಯ ಈ ಮೋಡದ ಹಿಂದೆ ಇದ್ದಾಗ ಅದು ಬೂದು, ಕೆಲವೊಮ್ಮೆ ಕಪ್ಪಾಗಿಯೂ ಕಾಣುತ್ತದೆ. ಬಣ್ಣ ನೋಡಿ ಹೊಗೆ ಎಂದುಕೊಳ್ಳುವುದು ಇಂಥ ವೇಳೆಯಲ್ಲೇ. ತುದಿಯನ್ನು ಗಮನಿಸಿ: ಮಂಜಾದರೆ ಒಣ ಗಾಳಿಯಲ್ಲಿ ಸ್ವಲ್ಪ ದೂರಕ್ಕೇ ಕರಗಿ ಆಕಾಶ ಶುಭ್ರವಾಗುತ್ತದೆ. ಹೊಗೆಯಾದರೆ ತೆಳುವಾಗುತ್ತಾ ಬಹುದೂರ ಎಳೆದುಕೊಂಡು ಹೋಗುತ್ತದೆ. ಬೆಳೆಯ ಎಲೆಯ ಮೇಲೆ ಬೂದಿ ಕೂತಿದ್ದರೆ ಅದು ಈ ಮೋಡದ್ದಲ್ಲ. ಚಿಮಣಿ ಅಥವಾ ಹಾರುಬೂದಿಯ ಹೊಂಡದ ಕಡೆ ನೋಡಬೇಕು.

ಪ್ರಶ್ನೆ: ನಮ್ಮ ಮನೆಯ ಪಕ್ಕದ ಕಾರ್ಖಾನೆಯ ಮಾಳಿಗೆಯಲ್ಲಿ ಫ್ಯಾನ್ ಇರುವ ಕೂಲಿಂಗ್ ಟವರ್ ಇದೆ. ಕಾರಿನ ಮೇಲೆ ಬಿಳಿ ಚುಕ್ಕೆ ಬೀಳುತ್ತಿವೆ. ಆವಿಯಿಂದಲೇ?
(ಬೆಂಗಳೂರಿನ ಓದುಗರು)

ಉತ್ತರ: ಆವಿಯಿಂದಲ್ಲ. ಹನಿಗಟ್ಟಿದ ಆವಿ ಬಟ್ಟಿ ಇಳಿಸಿದ ನೀರಿನಂತೆ. ಒಣಗಿದರೆ ಗುರುತೇ ಉಳಿಯದು. ಚುಕ್ಕೆ ಬಿಡುವುದು ‘ಡ್ರಿಫ್ಟ್’, ಅಂದರೆ ಟವರಿನೊಳಗೆ ಸುತ್ತುವ ನೀರೇ ಗಾಳಿಗೆ ಸಿಕ್ಕಿ ಹಾರಿಬರುವ ಹನಿ. ನೀರು ಆವಿಯಾದರೂ ಲವಣ ಹಿಂದೆಯೇ ಉಳಿಯುತ್ತದೆ. ಲೀಟರಿಗೆ 400 ಮಿಲಿಗ್ರಾಂ ಲವಣದ ಬೋರ್‌ವೆಲ್ ನೀರನ್ನು ಐದು ಪಟ್ಟು ಸಾಂದ್ರವಾಗುವವರೆಗೆ ಓಡಿಸಿದರೆ, ಹಾರುವ ಹನಿಯಲ್ಲಿ 2000 ಮಿಲಿಗ್ರಾಂ ಇರುತ್ತದೆ.

ಖಚಿತ ಮಾಡಿಕೊಳ್ಳಲು ಕಪ್ಪು ಬಣ್ಣ ಬಳಿದ ತಗಡನ್ನು ಗಾಳಿ ಬೀಸುವ ದಿಕ್ಕಿನಲ್ಲಿ ಒಂದೆರಡು ಗಂಟೆ ಇಟ್ಟು, ಒಣಗಿದ ಮೇಲೆ ನೋಡಿ. ಬಿಳಿ ಬಳೆಯಂಥ ಗುರುತು ಇದ್ದರೆ ಡ್ರಿಫ್ಟ್ ಎಂದೇ ತಿಳಿಯಿರಿ. ಸರಿಯಾಗಿ ಕೂಡಿಸಿದ ಹೊಸ ಡ್ರಿಫ್ಟ್ ಎಲಿಮಿನೇಟರ್ (ಹಾರುವ ಹನಿಯನ್ನು ಟವರಿನೊಳಗೇ ತಡೆಯುವ ಹಲಗೆಗಳ ಸಾಲು) ಇದ್ದರೆ ಸುತ್ತುವ ನೀರಿನ ಶೇ. 0.005ಕ್ಕಿಂತ ಹೆಚ್ಚು ಹಾರಬಾರದು. ಹೆಚ್ಚಾಗಿದ್ದರೆ ಮೊದಲು ಎಲಿಮಿನೇಟರಿನ ಹಲಗೆಗಳ ಅಂಚು ನೋಡಿಸಿ; ರಿಪೇರಿಗೆ ತೆಗೆದವರು ವಾಪಸ್ ಇಡುವಾಗ ಸಂದು ಬಿಡುವುದು ತೀರಾ ಸಾಮಾನ್ಯ. ಒಡೆದ ನಾಜಲ್, ರಾಸಾಯನಿಕದ ನೊರೆ, ಹೆಚ್ಚು ಗಾಳಿಗಾಗಿ ಫ್ಯಾನ್ ರೆಕ್ಕೆಯ ಓರೆ ಏರಿಸಿರುವುದು, ಇವು ಉಳಿದ ಕಾರಣಗಳು.

ಕಾರಿನ ಚುಕ್ಕೆಯನ್ನು ಒಣಗಿದಂತೆಯೇ ಉಜ್ಜಬೇಡಿ, ಬಣ್ಣ ಗೀಚುತ್ತದೆ. ನೀರು ಸುರಿದು ನೆನೆಸಿ, ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ ಮತ್ತೆ ತೊಳೆಯಿರಿ.

ಕಾರಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. 20ರಿಂದ 45 ಡಿಗ್ರಿಯ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಉಸಿರಿನೊಂದಿಗೆ ಒಳಹೋದ ಹನಿಯಿಂದ ನ್ಯುಮೋನಿಯಾ ಬರಬಹುದು. ಕಾರ್ಖಾನೆಯವರನ್ನು ಕಂಡಾಗ ಎಲಿಮಿನೇಟರಿನ ಜೊತೆಗೆ ತೊಟ್ಟಿಯ ಕೆಸರು ಯಾವಾಗ ತೆಗೆದರು, ಸೋಂಕುನಾಶಕ ಎಷ್ಟು ದಿನಕ್ಕೊಮ್ಮೆ ಹಾಕುತ್ತಾರೆ ಎಂದೂ ಕೇಳಿ, ದಾಖಲೆ ತೋರಿಸಲು ಹೇಳಿ.