ನಾಲ್ಕನೆಯ ಪರೀಕ್ಷೆ ಬೇಡವೆಂದದ್ದೇಕೆ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ; ಇಂಥವರು ನಮ್ಮ ಐಸಿಟಿಸಿಗೆ (ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ) ಮತ್ತೆ ಮತ್ತೆ ಬರುತ್ತಾರೆ. ಮದುವೆ ನಿಶ್ಚಯವಾಗಿದ್ದ ಆ ಯುವಕರ ಬಳಿ ಆಗಲೇ ಮೂರು ಎಚ್‌ಐವಿ ವರದಿಗಳಿದ್ದವು, ಮೂರೂ ನೆಗೆಟಿವ್. ಕೊನೆಯ ಪರೀಕ್ಷೆಯಾಗುವ ವೇಳೆಗೆ ಅವರು ಹೆದರಿದ್ದ ಲೈಂಗಿಕ ಸಂಪರ್ಕ ನಡೆದು ಮೂರು ತಿಂಗಳು ದಾಟಿತ್ತು. ನಡೆದದ್ದು ಒಂದೇ ಸಲ. ಕಾಂಡೋಮ್ ಮೊದಲಿನಿಂದ ಕೊನೆಯವರೆಗೂ ಇತ್ತು, ಹರಿದಿರಲಿಲ್ಲ, ಜಾರಿರಲಿಲ್ಲ. ಆದರೂ ಗಂಟಲು ಕೆರೆದರೆ ಸಾಕು, ಅವರಿಗೆ ಆ ರಾತ್ರಿ ನಿದ್ದೆಯಿಲ್ಲ.

ಇನ್ನೊಂದು ಪರೀಕ್ಷೆ ಮಾಡಿಸಿ ಎಂದರು. "ಅದೂ ನೆಗೆಟಿವ್ ಬಂದರೆ ನಂಬುತ್ತೀರಾ?" ಎಂದು ಕೇಳಿದೆ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ತಪ್ಪು ಮಾಡಿದವನು ನಾನು ಮೇಡಂ. ನನಗೆ ಏನೂ ಆಗದೆ ಹೋಗುವುದು ಹೇಗೆ?" ಎಂದರು.

ಅವರು ಕಾಯುತ್ತಿದ್ದದ್ದು ವರದಿಗಲ್ಲ, ಶಿಕ್ಷೆಗೆ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಹಾಗಾಗಿ ನಾಲ್ಕನೆಯ ಎಚ್‌ಐವಿ ಪರೀಕ್ಷೆ ಬೇಡವೆಂದೆ. ಪರೀಕ್ಷೆ ಹೇಗೂ ಉಚಿತ, ಮಾಡಿಸಿ ಕಳುಹಿಸಿದ್ದರೆ ಆಗುತ್ತಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆದರೆ ಪ್ರತಿ ನೆಗೆಟಿವ್ ವರದಿಯೂ ಅವರಿಗೆ ಕೆಲವು ದಿನಗಳ ನೆಮ್ಮದಿ ಕೊಟ್ಟು, ಅನಂತರ ಕೆರೆದಷ್ಟೂ ಹೆಚ್ಚುವ ತುರಿಕೆಯಂತೆ ಸಂಶಯವನ್ನು ಇನ್ನಷ್ಟು ಬೆಳೆಸಿತ್ತು. ಮೂರು ತಿಂಗಳ ನಂತರ ಬಂದ ನೆಗೆಟಿವ್ ಫಲಿತಾಂಶವನ್ನು, ನಡುವೆ ಬೇರೆ ಸಂಪರ್ಕವಿಲ್ಲದಿದ್ದಾಗ, ಅಂತಿಮವೆಂದೇ ಒಪ್ಪಬೇಕು.

ಹಾಗೆಂದು ಬೇರೆ ಲೈಂಗಿಕ ಸೋಂಕುಗಳ ಅಪಾಯವೂ ಸೊನ್ನೆ ಎಂದು ನಾನು ಹೇಳಲಿಲ್ಲ, ಏಕೆಂದರೆ ಸುಳ್ಳು ಸಮಾಧಾನವು ಇಂಥ ಮನಸ್ಸಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಕಾಂಡೋಮ್ ಎಚ್‌ಐವಿ, ಗೊನೊರಿಯಾ, ಕ್ಲಮಿಡಿಯಾಗಳನ್ನು ಚೆನ್ನಾಗಿ ತಡೆಯುತ್ತದೆ. ಅದು ಮುಚ್ಚದ ಚರ್ಮದ ಸ್ಪರ್ಶದಿಂದಲೂ ಹರಡಬಲ್ಲ ಸಿಫಿಲಿಸ್, ಹರ್ಪಿಸ್, ಎಚ್‌ಪಿವಿಗಳ ವಿಷಯದಲ್ಲಿ ರಕ್ಷಣೆ ಅಷ್ಟು ಪೂರ್ಣವಲ್ಲ. ಆದ್ದರಿಂದ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ವೈದ್ಯರಿಗೆ ಒಮ್ಮೆ ತೋರಿಸಿ, ಸಿಫಿಲಿಸ್‌ಗೆ ಒಂದು ರಕ್ತಪರೀಕ್ಷೆ ಮಾಡಿಸಿ, ಅಲ್ಲಿಗೆ ನಿಲ್ಲಿಸಿ ಎಂದೆ. ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು ಬಿಟ್ಟು, ಭಯ ಬಂದಾಗಲೆಲ್ಲ ಅದನ್ನು ಬರೆದಿಟ್ಟು ಮುಂದಿನ ಭೇಟಿಗೆ ತರಲು ಹೇಳಿದೆ. (ಕಾಂಡೋಮ್ ಹರಿದವರ ಮಾತು ಬೇರೆ: ಅವರು ಕಾಯದೆ 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು, ಬೇಕೆನಿಸಿದರೆ 28 ದಿನಗಳ ಎಚ್‌ಐವಿ ತಡೆ ಔಷಧಿ ಕೊಡುತ್ತಾರೆ.)

ಮದುವೆಯಾಗಲಿರುವ ಹುಡುಗಿಗೆ ಇದನ್ನು ಹೇಳಬೇಕೆ ಎಂದೂ ಕೇಳಿದರು. ಅದನ್ನು ತೀರ್ಮಾನಿಸಬೇಕಾದವರು ಅವರೇ. ಆದರೆ ಭಯದ ಭಾರ ಇಳಿಸಿಕೊಳ್ಳಲೆಂದೇ ಹೇಳುವುದಾದರೆ ಸ್ವಲ್ಪ ತಡೆಯಿರಿ ಎಂದೆ. ಸಿಫಿಲಿಸ್ ವರದಿಯೂ ನೆಗೆಟಿವ್ ಬಂತು. ನಿದ್ದೆ ಇನ್ನೂ ಸರಿಹೋಗದ ಕಾರಣ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದ್ದೇನೆ.