ಹಾಡಿನ ಮೊದಲ ಕ್ಷಣಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲವು ಹಾಡುಗಳು ಗಾಯಕರ ದನಿ ಕೇಳುವ ಮೊದಲೇ ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ಧಾಟಿಯಾಗಲಿ ಸಾಹಿತ್ಯವಾಗಲಿ ಇನ್ನೂ ತಿಳಿಯದಿರುವಾಗ ಕಿವಿ ಏನನ್ನು ಗುರುತಿಸುತ್ತದೆ? (ಓದುಗರು, ಸಾಗರ)

ಉತ್ತರ: ಕಿವಿ ಮೊದಲು ಗುರುತಿಸುವುದು ನಾದಗುಣವನ್ನು. ಒಂದೇ ಷಡ್ಜವನ್ನು ವೀಣೆಯಲ್ಲಿ ಮೀಟಿದರೂ ಕೊಳಲಿನಲ್ಲಿ ಊದಿದರೂ ಶ್ರುತಿ ಬದಲಾಗುವುದಿಲ್ಲ. ಆದರೂ ಯಾವುದು ವೀಣೆ, ಯಾವುದು ಕೊಳಲು ಎಂಬುದನ್ನು ಮಕ್ಕಳೂ ಹೇಳಬಲ್ಲರು. ತಂತಿಗೆ ಬೆರಳು ತಾಗಿದ ಬಗೆ, ಉಸಿರಿನ ಒತ್ತಡ, ಧ್ವನಿಮುದ್ರಣ ನಡೆದ ಕೋಣೆಯ ಅನುರಣನ, ಇವೆಲ್ಲವೂ ಸ್ವರದ ಹುಟ್ಟಿನೊಂದಿಗೇ ನಮ್ಮನ್ನು ತಲುಪಿಬಿಡುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನಪ್ರಿಯ ಹಾಡುಗಳಿಂದ ಆಯ್ದ 400 ಮಿಲಿಸೆಕೆಂಡುಗಳ ತುಣುಕುಗಳನ್ನಷ್ಟೇ ಕೇಳಿದವರು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಾಡಿನ ಹೆಸರನ್ನೂ ಕಲಾವಿದರ ಹೆಸರನ್ನೂ ಸರಿಯಾಗಿ ಹೇಳಿದ್ದರು. ಅರ್ಧ ಸೆಕೆಂಡೂ ಇಲ್ಲದ ಆ ಅವಧಿಯಲ್ಲಿ ಧಾಟಿಯೊಂದು ಬಿಚ್ಚಿಕೊಳ್ಳಲು ಅವಕಾಶವೇ ಇಲ್ಲ.

ಆದರೆ ಗುರುತು ಹಿಡಿಯುವುದು ಬೇರೆ, ಸೆಳೆತಕ್ಕೆ ಒಳಗಾಗುವುದು ಬೇರೆ. ಮೊದಲ ಸಲ ಕೇಳುವ ಹಾಡೂ ನಮ್ಮನ್ನು ನಿಲ್ಲಿಸುವುದುಂಟು. ಉತ್ತಮ ಆರಂಭವು ಒಂದು ಸಂಗತಿಯನ್ನು ಸ್ಪಷ್ಟವಾಗಿ ಕೊಟ್ಟು, ಇನ್ನೊಂದನ್ನು ಬೇಕೆಂದೇ ತಡೆಹಿಡಿಯುತ್ತದೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಅಂಥ ಆರಂಭಕ್ಕೆ ಒಂದು ಉದಾಹರಣೆ ಕೊಟ್ಟು ವಿವರಿಸುವಿರಾ? (ಓದುಗರು, ಮಂಡ್ಯ)

ಉತ್ತರ: 1964ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ತಂಡ ಧ್ವನಿಮುದ್ರಿಸಿದ 'ಎ ಹಾರ್ಡ್ ಡೇಸ್ ನೈಟ್' ಹಾಡನ್ನು ಕೇಳಿ ನೋಡಿ. ಅದೇ ಹೆಸರಿನ ಚಲನಚಿತ್ರವೂ ಧ್ವನಿಮುದ್ರಿಕೆಯೂ ಆ ಹಾಡಿನಿಂದಲೇ ಆರಂಭವಾಗಬೇಕಿದ್ದುದರಿಂದ ಬಲವಾದ ಮೊದಲ ಹೊಡೆತವೊಂದು ಬೇಕಿತ್ತು. ಜಾರ್ಜ್ ಹ್ಯಾರಿಸನ್ ಅವರ ಹನ್ನೆರಡು ತಂತಿಗಳ ಗಿಟಾರ್, ಜಾನ್ ಲೆನನ್ ಅವರ ಗಿಟಾರ್, ಪಾಲ್ ಮೆಕಾರ್ಟ್ನಿ ಅವರ ಬೇಸ್, ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಪಿಯಾನೊ, ಎಲ್ಲವೂ ಒಂದೇ ಕ್ಷಣದಲ್ಲಿ ಮೊಳಗಿ, ಆ ಸ್ವರಮೇಳ ಗಾಳಿಯಲ್ಲಿ ಹಾಗೆಯೇ ಉಳಿಯುತ್ತದೆ. ಅದರೊಳಗೆ ಪಿಯಾನೊ ಅಡಗಿದೆಯೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಆ ಮಿಶ್ರಣದಲ್ಲಿ ಯಾವ ಯಾವ ಸ್ವರಗಳಿವೆಯೆಂದು ಸಂಗೀತಗಾರರು ದಶಕಗಳ ಕಾಲ ಚರ್ಚಿಸಿದ್ದಾರೆ. ಕೇಳುಗನಿಗೆ ನಾದ ಪೂರ್ತಿಯಾಗಿ ಸಿಕ್ಕಿದೆ, ಲಯ ಮಾತ್ರ ಸಿಕ್ಕಿಲ್ಲ, ಆಧಾರಸ್ವರ ಯಾವುದೆಂಬುದೂ ಖಚಿತವಾಗಿಲ್ಲ. ಆ ಎರಡು ಮೂರು ಸೆಕೆಂಡುಗಳ ಅನಿಶ್ಚಯದ ನಂತರ ಲೆನನ್ ಅವರ ದನಿ ನುಗ್ಗಿದಾಗ ಆಗುವ ಬಿಡುಗಡೆಯೇ ಆ ಹಾಡಿನ ಶಕ್ತಿ.

ಇದಕ್ಕೂ ಒಂದೂವರೆ ಶತಮಾನ ಮೊದಲು, 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಲ್ಪಟ್ಟ ಬೀಥೋವನ್ನರ ಐದನೆಯ ಸಿಂಫನಿ, ಹಾಡಲ್ಲದಿದ್ದರೂ, ಇಲ್ಲಿ ನೆನೆಯಬೇಕಾದುದು. ಮೂರು ಗಿಡ್ಡ, ಒಂದು ಉದ್ದ ಸ್ವರದ ಆ ಆರಂಭವನ್ನು ಬಲ್ಲವರು ಅನೇಕರು. ಅದಕ್ಕೂ ಮುಂಚೆ ಬೀಥೋವನ್ ಒಂದು ಕಿರುವಿರಾಮವನ್ನು ಬರೆದಿದ್ದಾರೆಂಬುದನ್ನು ಗಮನಿಸಿದವರು ಕಡಿಮೆ. ತಾಳ ಆರಂಭವಾದ ಮೇಲೆ ಸಾಹಿತ್ಯ ಎತ್ತಿಕೊಳ್ಳುವ ನಮ್ಮ ಅನಾಗತ ಎಡುಪನ್ನು ಬಲ್ಲ ಕರ್ನಾಟಕ ಸಂಗೀತದ ರಸಿಕರಿಗೆ ಈ ಯುಕ್ತಿ ಹೊಸದಾಗಿ ಕಾಣದು. ಸಮದ, ಅಂದರೆ ತಾಳದ ಮೊದಲ, ಪೆಟ್ಟು ಮೌನವಾಗಿ ಸಂದು, ದನಿ ತುಸು ತಡವಾಗಿ ಬಂದಾಗ, ಕೇಳುವವರ ಮೈಯೇ ಮುಂದಕ್ಕೆ ವಾಲುತ್ತದೆ.

ಪ್ರಶ್ನೆ: ಶಾಂತವಾಗಿ ಆರಂಭವಾಗುವ ಸಂಗೀತವೂ ಹೀಗೆಯೇ ಸೆಳೆಯಬಲ್ಲದೇ? (ಓದುಗರು, ಧಾರವಾಡ)

ಉತ್ತರ: ಖಂಡಿತ ಸೆಳೆಯಬಲ್ಲದು, ನನಗೆ ಅದೇ ಹೆಚ್ಚು ಪ್ರಿಯ. ಆಕಾಶವಾಣಿಯ ಪ್ರಸಾರ ಆರಂಭವಾಗುವಾಗ ಕೇಳಿಬರುವ ರಾಗಸಂಕೇತವನ್ನೇ ನೋಡಿ. ನಾಜಿಗಳ ಕಾಲದಲ್ಲಿ ಯುರೋಪನ್ನು ತೊರೆದು ಮುಂಬಯಿಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅದರ ಸಂಯೋಜಕರು. ಮೊದಲು ತಂಬೂರಿಯ ಶ್ರುತಿ ಹರಡಿಕೊಳ್ಳುತ್ತದೆ, ಅದರ ಮೇಲೆ ಪಿಟೀಲು ಏಳುತ್ತದೆ. ಇಲ್ಲಿ ಆಧಾರಸ್ವರದ ಬಗ್ಗೆ ಯಾವ ಸಂದೇಹವೂ ಇಲ್ಲ. ತಡೆಹಿಡಿದಿರುವುದು ತಾಳವನ್ನು ಮತ್ತು ಮಾತನ್ನು. ಅಬ್ಬರವಿಲ್ಲದ ಈ ಕಾಯಿಸುವಿಕೆಗೆ ಮನೆಮಂದಿಯೆಲ್ಲ ಕಿವಿಗೊಡುತ್ತಿದ್ದ ಕಾಲವೊಂದಿತ್ತು.

ಪ್ರಶ್ನೆ: ಈಗಿನ ಹಾಡುಗಳಲ್ಲಿ ಪಲ್ಲವಿಗೆ ಮುಂಚಿನ ವಾದ್ಯಸಂಗೀತ ಕಿರಿದಾಗುತ್ತಿದೆ ಎನಿಸುತ್ತದೆ. ಇದು ಬರಿಯ ಅನಿಸಿಕೆಯೇ? (ಓದುಗರು, ದುಬೈ)

ಉತ್ತರ: ಕನ್ನಡ ಹಾಡುಗಳ ವಿಷಯದಲ್ಲಿ ನಿಮ್ಮ ಅನಿಸಿಕೆಯೇ ನನ್ನದೂ ಆಗಿದೆ. ಅಮೆರಿಕದ ಮಟ್ಟಿಗಂತೂ ಲೆಕ್ಕವೇ ಇದೆ. 1986ರಿಂದ 2015ರವರೆಗಿನ ಅಲ್ಲಿನ ಮೊದಲ ಹತ್ತರ ಪಟ್ಟಿಯ ಹಾಡುಗಳನ್ನು ಪರಿಶೀಲಿಸಿದ ಸಂಗೀತ ಸಂಶೋಧಕ ಹ್ಯೂಬರ್ಟ್ ಲೆವೆಯೆ ಗೋವನ್, ಆರಂಭದ ವಾದ್ಯಭಾಗ ಸರಾಸರಿ 20 ಸೆಕೆಂಡಿಗಿಂತ ಹೆಚ್ಚಿದ್ದದ್ದು ಸುಮಾರು 5 ಸೆಕೆಂಡಿಗೆ ಇಳಿದಿರುವುದನ್ನು ಕಂಡರು. ಬೆರಳ ತುದಿಯಲ್ಲೇ ಮುಂದಿನ ಹಾಡು ಸಿಗುವಾಗ ಕೇಳುಗರು ಕಾಯುವುದಿಲ್ಲ ಎಂಬ ಆತಂಕ ಇದಕ್ಕೆ ಒಂದು ಕಾರಣ; ಅಂತರಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಒಂದು ಹಾಡು ಕೇಳಿದ ಲೆಕ್ಕಕ್ಕೆ ಸೇರಲು 30 ಸೆಕೆಂಡು ಕೇಳಿಸಿಕೊಳ್ಳಬೇಕೆಂಬ ನಿಯಮ ಇನ್ನೊಂದು.

ಆರಂಭ ಚಿಕ್ಕದಾದುದಕ್ಕೆ ನನ್ನ ತಕರಾರಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ಚಿಲ್ಲರೆ ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ನಮ್ಮ ಹಿರಿಯ ಗಾಯಕರೂ ಆಲಾಪನೆಯನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿ ಹಾಡಿದ್ದಾರೆ. ನನ್ನ ತಕರಾರಿರುವುದು ಪಲ್ಲವಿಯ ಅತ್ಯಂತ ಆಕರ್ಷಕ ಸಾಲನ್ನು ಮೊದಲ ಸೆಕೆಂಡಿಗೇ ತಂದು ಸುರಿಯುವ ಅಭ್ಯಾಸದ ಬಗ್ಗೆ, ಏಕೆಂದರೆ ಆಮೇಲೆ ಕಾಯಲು ಏನೂ ಉಳಿಯುವುದಿಲ್ಲ. ಬಾಬ್ ಡಿಲನ್ ಅವರ 1965ರ 'ಲೈಕ್ ಎ ರೋಲಿಂಗ್ ಸ್ಟೋನ್' ಒಂದೇ ಒಂದು ಡ್ರಮ್ ಪೆಟ್ಟಿನಿಂದ ತೆರೆದುಕೊಳ್ಳುತ್ತದೆ. ಒಡನೆಯೇ ಇಡೀ ವಾದ್ಯವೃಂದ ಜೊತೆಗೂಡುತ್ತದೆ, ಆದರೆ ಎಲ್ಲರ ಬಾಯಲ್ಲಿ ಉಳಿದ ಆ ಪಲ್ಲವಿಗಾಗಿ ಕೇಳುಗರು ಒಂದು ಇಡೀ ಚರಣವನ್ನು ಕೇಳಿ ಮುಗಿಸಬೇಕು.